ಕೆರೆಯ ಹಸಿರು ನೀರು ಮತ್ತು ನಿಮ್ಮ ನಾಯಿ

ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರದ ನಿಮ್ಮೂರಿನ ಕೆರೆ ಈ ಬೇಸಿಗೆಯಲ್ಲಿ ಬಣ್ಣ ಚೆಲ್ಲಿದಂತೆ ಹಸಿರಾಗಿದೆ, ದಿನವೂ ಅಲ್ಲಿ ಈಜುವ ನಾಯಿಯನ್ನು ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬೇಡಿ.

ನೀರು ಇಳಿದು ಬಿಸಿಯಾಗಿ, ಗೊಬ್ಬರದ ಅಥವಾ ಚರಂಡಿಯ ಸಾರಜನಕ, ರಂಜಕ ಸೇರಿದಾಗ ನೀಲಿ-ಹಸಿರು ಪಾಚಿ ಹಬ್ಬುತ್ತದೆ. ಅದರ ಕೆಲವು ಬಗೆಗಳು ಯಕೃತ್ತನ್ನು ಕೆಡಿಸುವ ಅಥವಾ ನರಗಳನ್ನು ಹಿಡಿಯುವ ವಿಷವನ್ನು ಬಿಡುತ್ತವೆ. ಕೋಲಿನಿಂದ ಎತ್ತಿದಾಗ ಕೂದಲಿನಂತೆ ಜೋತುಬೀಳುವುದು ಸಾಮಾನ್ಯವಾಗಿ ಬೇರೆ ಪಾಚಿ. ಆದರೆ ನೀರು ವಿಷವೋ ಅಲ್ಲವೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಕುದಿಸಿದರೂ ವಿಷ ಹೋಗುವುದಿಲ್ಲ. ನಾಯಿಗೆ ಅಪಾಯ ಹೆಚ್ಚಲು ಕಾರಣ, ಅದು ನೀರು ಕುಡಿಯುವುದಲ್ಲದೆ ಮೈಗಂಟಿದ ಪಾಚಿಯನ್ನೂ ನೆಕ್ಕುತ್ತದೆ.

ಈಗಾಗಲೇ ಇಳಿದಿದ್ದರೆ, ನೆಕ್ಕಲು ಬಿಡದೆ, ಕೈಗವಸು ಹಾಕಿಕೊಂಡು ಶುದ್ಧ ನೀರಿನಿಂದ ತೊಳೆಯಿರಿ. ವಾಂತಿ, ಜೊಲ್ಲು, ತೂರಾಟ, ನಡುಕ ಅಥವಾ ಸೆಳೆತ ಕೆಲವೇ ನಿಮಿಷಗಳಲ್ಲಿ ಕಾಣಬಹುದು, ಕೆಲವೊಮ್ಮೆ ಗಂಟೆಗಳು ಹಿಡಿಯಬಹುದು; ಪ್ರತಿವಿಷವಿಲ್ಲದ ಕಾರಣ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಈಜು ತಪ್ಪಿದ ನಾಯಿಗೆ ನೆರಳು, ತಣ್ಣೀರು, ಬೆಳಗಿನ 8 ಗಂಟೆಯೊಳಗಿನ ನಡಿಗೆ ಸಾಕು. ನಿಮ್ಮ ಕಡೆ ದ್ರಾಕ್ಷಿ ತೋಟಗಳಿರುವುದರಿಂದ ಇದನ್ನೂ ಹೇಳಬೇಕು: ಉದುರಿದ ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಮಾವಿನ ಓಟೆ ಕರುಳಿಗೆ ಅಡ್ಡ ಸಿಕ್ಕಿಕೊಳ್ಳಬಹುದು.