ಅಮೆರಿಕಕ್ಕೆ ಬಂದು, ಎರಡು ಮಕ್ಕಳಾದ ಮೇಲೆ ಆಪ್ತಸಮಾಲೋಚನೆ ಓದಲು ಹೊರಡುವುದು ತಡವಾಯಿತೇ?

ತಡವಾಯಿತೇ ಎಂಬುದಕ್ಕಿಂತ, ಬೇಗ ಮುಗಿಯುವ ಆನ್‌ಲೈನ್ ಪದವಿ ಸಾಕೇ ಎಂದು ಕೊನೆಯಲ್ಲಿ ಕೇಳಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ನಾನು ಬಿದ್ದ ಹಳ್ಳ ಅದೇ.

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಟೆಕ್ಸಾಸ್‌ನ ಪ್ಲೇನೋಗೆ ಬಂದವಳು ನಾನು. ಎರಡನೆಯ ಮಗು ಅಂಬೆಗಾಲಿಡುವ ಹೊತ್ತಿಗೆ ಮನೆಯಲ್ಲಿ ಕೂತು ಕೂತು ತಲೆ ಚಿಟ್ಟು ಹಿಡಿದಿತ್ತು. ಆಗ ಕಣ್ಣಿಗೆ ಬಿದ್ದದ್ದು 36 ಕ್ರೆಡಿಟ್‌ಗಳ ಆನ್‌ಲೈನ್ ಎಂ.ಎ. ಮನಶ್ಶಾಸ್ತ್ರ. ಶುಲ್ಕ ಕಡಿಮೆ, ಮಕ್ಕಳು ಮಲಗಿದ ಮೇಲೆ ಓದಬಹುದು, ಇಂಟರ್ನ್‌ಶಿಪ್ಪಿನ ಗೋಜಿಲ್ಲ. ಈ ಕೊನೆಯದನ್ನು ನಾನು ಅನುಕೂಲ ಎಂದುಕೊಂಡೆ!

ಮನಶ್ಶಾಸ್ತ್ರ ಓದಿದವರೆಲ್ಲ ಸಮಾಲೋಚಕರಾಗಬಹುದು ಎಂದು ನಂಬಿದ್ದೆ. ಇಲ್ಲಿ ಹಾಗಲ್ಲ. ಟೆಕ್ಸಾಸ್‌ನಲ್ಲಿ ಎಲ್‌ಪಿಸಿ, ಅಂದರೆ ವೃತ್ತಿಪರ ಸಮಾಲೋಚಕರ ಪರವಾನಗಿಗೆ ಸಮಾಲೋಚನೆ ಅಥವಾ ಅದಕ್ಕೆ ಸಂಬಂಧಿಸಿದ ವಿಷಯದಲ್ಲಿ, ಕನಿಷ್ಠ 60 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ ಬೇಕು. ಓದುವಾಗಲೇ ಸಹಾಯ ಕೇಳಿ ಬಂದವರ ಎದುರು ಕೂತು ತರಬೇತಿ ಪಡೆದಿರಬೇಕು, ಅದನ್ನು ಪ್ರಾಕ್ಟಿಕಮ್ ಎನ್ನುತ್ತಾರೆ. ನಂತರ ಪರೀಕ್ಷೆ, ಅದಾದ ಮೇಲೆ ಮೇಲ್ವಿಚಾರಕರ ಕೈಕೆಳಗೆ 3,000 ಗಂಟೆಗಳ ಕೆಲಸ. ಅದರಲ್ಲಿ 1,500 ಗಂಟೆ ನೇರ ಸಮಾಲೋಚನೆ. ನನ್ನ ಪದವಿ ಇದರ ಮೊದಲ ಮೆಟ್ಟಿಲನ್ನೂ ಮುಟ್ಟುತ್ತಿರಲಿಲ್ಲ. ಪ್ರವೇಶ ವಿಭಾಗದವರು ಸುಳ್ಳು ಹೇಳಲಿಲ್ಲ. ಪರವಾನಗಿಯ ಮಾತನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕೆಲಸ ಕೇಳಿಕೊಂಡು ಹೋದ ಕ್ಲಿನಿಕ್ಕಿನಲ್ಲಿ ಒಬ್ಬಾಕೆ ಅಂಕಪಟ್ಟಿಯ ಎರಡೂ ಬದಿ ತಿರುವಿ ನೋಡಿ, "ಪ್ರಾಕ್ಟಿಕಮ್ ಎಲ್ಲಿದೆ?" ಎಂದಾಗಲೇ ನನಗೆ ವಿಷಯ ತಿಳಿದದ್ದು. ಮತ್ತೆ ಮೊದಲಿನಿಂದ ಓದಿದೆ. ಹೊಸ ಕಾಲೇಜು ಹಳೆಯ ಪದವಿಯಿಂದ ಒಪ್ಪಿಕೊಂಡದ್ದು ಮೂರೇ ವಿಷಯ.

ಹಾಗೆಂದು ಈ ತರಬೇತಿ ಬರೀ ಕಾಗದದ ಶಾಸ್ತ್ರವಲ್ಲ. ಅಭ್ಯಾಸದ ವಿಡಿಯೋ ಒಂದರಲ್ಲಿ, ಗಂಡನ ಮೇಲೆ ದೂರು ಹೇಳುವ ಪಾತ್ರ ಮಾಡುತ್ತಿದ್ದ ಸಹಪಾಠಿಗೆ ನಾನು ಸ್ವಲ್ಪ ಹೊಂದಿಕೊಂಡು ಹೋಗುವಂತೆ ಹೇಳಿದ್ದೆ. ಅಧ್ಯಾಪಕಿ ಅಲ್ಲೇ ವಿಡಿಯೋ ನಿಲ್ಲಿಸಿ, "ಇದು ಯಾರ ದನಿ?" ಎಂದರು. ನನ್ನ ಸೋದರತ್ತೆಯದು, ಸಂಶಯವೇ ಇರಲಿಲ್ಲ.

ವಯಸ್ಸಿನ ಮಾತು ಬಿಡಿ. ನನ್ನ ತರಗತಿಯಲ್ಲಿ ಐವತ್ತು ದಾಟಿದ ನರ್ಸ್ ಒಬ್ಬರಿದ್ದರು. ಮಕ್ಕಳು ದೊಡ್ಡವರಾಗಲಿ ಎಂದು ಕಾಯುವುದೂ ಬೇಡ. ನಿಮ್ಮ ನಿಜವಾದ ತೊಡಕು ವೀಸಾ. ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ದುಡಿಯಲು ಇಎಡಿ ಎಂಬ ಕೆಲಸದ ಅನುಮತಿ ಪತ್ರ ಬೇಕು. 2015ರಿಂದ ಅದು ಸಿಗುತ್ತಿರುವುದು ಮುಖ್ಯವಾಗಿ ಸಂಗಾತಿಯ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾದವರಿಗೆ. ಸಂಬಳವಿಲ್ಲದ ಇಂಟರ್ನ್‌ಶಿಪ್ಪಾದರೂ ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ಇನ್ನೊಂದು ತೊಡಕು ಸಂಜೆಯದು. ಸಮಾಲೋಚನೆಗೆ ಜನ ಬರುವುದು ಕಚೇರಿ ಮುಗಿದ ಮೇಲೆ, ನಿಮ್ಮ ಮಕ್ಕಳು ಹಸಿದು ಕೂತಿರುವ ಹೊತ್ತಿಗೆ. "ಸಹಾಯ ಮಾಡುತ್ತೇನೆ" ಎಂಬ ಗಂಡನ ಮಾತು ಸಾಲದು. ಯಾವ ಸಂಜೆ ಅಡುಗೆ ಯಾರದು ಎಂದು ಈಗಲೇ ತೀರ್ಮಾನವಾಗಲಿ.

ಕಾಲೇಜಿಗೆ ಇವತ್ತೇ ಒಂದು ಇಮೇಲ್ ಬರೆಯಿರಿ: ಈ ಪದವಿಯು ಟೆಕ್ಸಾಸ್ ಎಲ್‌ಪಿಸಿಗೆ ಬೇಕಾದ ಶೈಕ್ಷಣಿಕ ಅರ್ಹತೆಯನ್ನು ಪೂರ್ತಿ ಕೊಡುತ್ತದೆಯೇ? ಗಂಡನ ಕೆಲಸ ಬೇರೆ ರಾಜ್ಯಕ್ಕೆ ವರ್ಗವಾಗುವ ಸಾಧ್ಯತೆಯಿದ್ದರೆ ಆ ರಾಜ್ಯದ ಹೆಸರನ್ನೂ ಸೇರಿಸಿ. ಅಲ್ಲಿನ ನಿಯಮ ಬೇರೆ ಇರಬಹುದು. ಉತ್ತರ ಬರಹದಲ್ಲಿ ಬರುವವರೆಗೆ ಅರ್ಜಿ ಶುಲ್ಕವನ್ನೂ ಕಟ್ಟಬೇಡಿ.