ಉಪವಾಸದಿಂದ ರಾತ್ರಿಯ ತಿನ್ನಾಟ ನಿಲ್ಲುವುದಿಲ್ಲ. ನನಗೆ ಇದು ಬೆಳೆದದ್ದೇ ಉಪವಾಸದಿಂದ

ವಿಜಯಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನೀವು, ರಾತ್ರಿ ಒಬ್ಬರೇ ಇದ್ದಾಗ ಹೊಟ್ಟೆ ಬಿರಿಯುವಂತೆ ತಿನ್ನುತ್ತೀರಿ, ಮರುದಿನ ಊಟ ಬಿಟ್ಟು ಅದನ್ನು ಸರಿದೂಗಿಸುತ್ತೀರಿ, ಆದರೂ ವಾರದೊಳಗೆ ಮತ್ತೆ ಅದೇ ಆಗುತ್ತದೆ. ಹೀಗಿರುವಾಗ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ಯಾವ ಬಗೆಯ ಉಪವಾಸ ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದೂ ಒಳ್ಳೆಯದಲ್ಲ. ನಿಮ್ಮ ಮನಸ್ಸು ಮೆತ್ತಗಿದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಇಡೀ ದಿನ ಓದುತ್ತಾ ಕೂರುವವರಿಗೆ ಮನೋಬಲದ ಕೊರತೆ ಇರುವುದಿಲ್ಲ.

ನಾನು ಬಾಗಲಕೋಟೆಯ ನವನಗರದವಳು, ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಎರಡನೆಯ ಹೆರಿಗೆಯ ನಂತರ ಮೈ ತುಂಬಿಕೊಂಡಿತ್ತು. ಮದುವೆಯೊಂದರಲ್ಲಿ ದೂರದ ಸಂಬಂಧಿಯೊಬ್ಬರು ಎಲ್ಲರೆದುರು ಅದನ್ನು ಆಡಿ ನಕ್ಕರು. ತೂಕ ಇಳಿಸುವ ಪುಡಿ ಮಾರುತ್ತಿದ್ದ ಪರಿಚಯದವರೊಬ್ಬರು ಅದೇ ವಾರ ಒಂದು ಚಾರ್ಟ್ ಕೊಟ್ಟರು. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಸೌತೆಕಾಯಿ, ಎಲ್ಲ ಸೇರಿ ದಿನಕ್ಕೆ 1200 ಕ್ಯಾಲರಿ ದಾಟಬಾರದು. ತೂಕ ಇಳಿಯಿತು, ಓಣಿಯ ಹೆಂಗಸರು ಹೊಗಳಿದರು, ನನಗೂ ಹಿಗ್ಗಾಯಿತು. ಈ ಭಾಗವನ್ನು ಹೆಚ್ಚು ಬೆಳೆಸುವುದಿಲ್ಲ, ಎಲ್ಲರ ಕಥೆಯೂ ಇಲ್ಲಿಯವರೆಗೆ ಒಂದೇ ರೀತಿ ಇರುತ್ತದೆ.

ಆಮೇಲೆ ಪಂಚಮಿ ಬಂತು. ನಮ್ಮ ಕಡೆ ನಾಗರಪಂಚಮಿ ಎಂದರೆ ಉಂಡಿಯ ಹಬ್ಬ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು ಎಲ್ಲವನ್ನೂ ನಾನೇ ಕೈಯಾರೆ ಕಟ್ಟಿದ್ದೆ, ಒಂದನ್ನೂ ಬಾಯಿಗೆ ಹಾಕಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲೆಂದು ಎದ್ದವಳು ಕತ್ತಲಲ್ಲಿಯೇ ಡಬ್ಬಿಯ ಮುಂದೆ ಕುಳಿತೆ. ಸ್ಟೀಲ್ ಡಬ್ಬಿಯ ಮುಚ್ಚಳ ಸಪ್ಪಳ ಮಾಡಬಾರದೆಂದು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಸೆರಗಿನಿಂದ ಮುಚ್ಚಿ ತೆಗೆಯುವುದನ್ನು ಆ ರಾತ್ರಿಯೇ ಕಲಿತೆ. ಬುಟ್ಟಿಯಲ್ಲಿದ್ದ ಕಡಕ್ ರೊಟ್ಟಿಯನ್ನು ಮುಟ್ಟಲಿಲ್ಲ, ಮುರಿದರೆ ಪಡಸಾಲೆಯಲ್ಲಿ ಮಲಗಿದ್ದ ಅತ್ತೆಯವರಿಗೆ ಕೇಳಿಸುತ್ತಿತ್ತು. ರುಚಿಯ ನೆನಪು ಇಲ್ಲ. ಒಂದು ಬಾಯಲ್ಲಿರುವಾಗಲೇ ಕೈ ಇನ್ನೊಂದಕ್ಕೆ ಹೋಗುತ್ತಿತ್ತು, ಕೈ ನನ್ನ ಮಾತು ಕೇಳುತ್ತಿರಲಿಲ್ಲ ಎಂಬುದಷ್ಟೇ ನೆನಪಿದೆ. ಕೊನೆಗೆ ಉಳಿದ ಉಂಡಿಗಳನ್ನು ಡಬ್ಬಿಯ ಅಂಚಿಗೆ ಸರಿಸಿ, ನಡುವೆ ಹಳೆಯ ಪೇಪರು ತುರುಕಿ, ಮೇಲೊಂದು ಸಾಲು ಜೋಡಿಸಿ, ತುಂಬಿರುವಂತೆ ಕಾಣಿಸಿ ಇಟ್ಟೆ.

ನಾನು ಮಾಡಿದ ತಪ್ಪು ಆ ರಾತ್ರಿಯದಲ್ಲ. ತಪ್ಪು ಮರುದಿನ ಬೆಳಿಗ್ಗೆಯದು. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಈಗ ಮಾಡುತ್ತಿರುವುದು ಅದನ್ನೇ.

ಮರುದಿನ ಶ್ರಾವಣ ಸೋಮವಾರವಾಗಿತ್ತು. ಮನೆಯಲ್ಲಿ ಹೇಗಿದ್ದರೂ ಉಪವಾಸ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಯಿತು, ಲೆಕ್ಕ ಸರಿಯಾಯಿತು ಎಂದುಕೊಂಡು ಸಾಬೂದಾಣಿಯನ್ನೂ ಮುಟ್ಟದೆ ಬರೀ ಚಹಾದ ಮೇಲೆ ದಿನ ಕಳೆದೆ. ಬೆಳಿಗ್ಗೆ ಅದು ಕಷ್ಟವೆನಿಸಲೇ ಇಲ್ಲ. ರಾತ್ರಿ ತಿಂದದ್ದು ಇನ್ನೂ ಎದೆಯವರೆಗೆ ನಿಂತಿರುವಾಗ ಯಾರಿಗೆ ಹಸಿವಾಗುತ್ತದೆ? ನನ್ನಲ್ಲಿ ಎಷ್ಟೊಂದು ನಿಗ್ರಹವಿದೆ ಎಂಬ ಹೆಮ್ಮೆಯೂ ಬಂತು. ಮಧ್ಯಾಹ್ನ ನೋಟು ಎಣಿಸುವಾಗ ತಲೆ ಹಗುರಾಗಿ ತೇಲುತ್ತಿತ್ತು. ನಾಲ್ಕರ ಹೊತ್ತಿಗೆ ತಲೆನೋವು ಶುರುವಾಗಿ, ಗ್ರಾಹಕರ ಮೇಲೆ ಸಿಡುಕತೊಡಗಿದೆ. ಸಂಜೆ ಮನೆಗೆ ಬಂದು ಖಾಲಿ ಹೊಟ್ಟೆಯಲ್ಲಿ ಇಡೀ ಮನೆಗೆ ಅಡುಗೆ ಮಾಡಿದೆ. ಒಗ್ಗರಣೆಯ ವಾಸನೆಗೆ ಕೈ ನಡುಗುತ್ತಿತ್ತು. ಒಂಬತ್ತಕ್ಕೆ ಉಪವಾಸ ಬಿಡುವಾಗ ಒಂದು ಉಂಡಿ ತಿಂದದ್ದೇ ತಡ, ಇವತ್ತಿನ ದಿನ ಹೇಗೂ ಕೆಟ್ಟಿತು, ನಾಳೆಯಿಂದ ನೆಟ್ಟಗಿರೋಣ ಎಂಬ ಮಾತು ತಲೆಯಲ್ಲಿ ಮೂಡಿತು. ನಾಳೆಯಿಂದ ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದ ಹೊಟ್ಟೆ ಈ ರಾತ್ರಿಯೇ ಎಲ್ಲವನ್ನೂ ಬಾಚಿಕೊಂಡಿತು. ಮರುದಿನ ಮತ್ತೆ ಉಪವಾಸ.

ಈ ಸುತ್ತು ವರ್ಷಗಟ್ಟಲೆ ನಡೆಯಿತು. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಏಕಾದಶಿ ವಿಠಲನಿಗೆ, ಸಂಕಷ್ಟಿ ಗಣಪತಿಗೆ ಎಂದು ನನ್ನ ಉಪವಾಸಗಳನ್ನೆಲ್ಲ ದೇವರುಗಳಿಗೆ ಹಂಚಿ ಹಾಕಿದ್ದೆ. ಅತ್ತೆಯವರು ಬಂದವರ ಮುಂದೆ, "ಇಕಿಗೆ ದೇವರ ಮ್ಯಾಲೆ ಭಾಳ ಭಕ್ತಿ ಐತಿ ನೋಡ್ರಿ" ಎನ್ನುತ್ತಿದ್ದರು. ನನ್ನ ನಿಜವಾದ ವ್ರತ ಯಾವುದೆಂದು ದೇವರಿಗೆ ಮಾತ್ರ ಗೊತ್ತಿತ್ತು. ಉಪವಾಸ ಮದ್ದು, ರಾತ್ರಿಯ ತಿನ್ನಾಟ ರೋಗ ಎಂದು ನಾನು ನಂಬಿದ್ದೆ. ನಮ್ಮ ಸಮಾಜ ಮೊದಲನೆಯದನ್ನು ಹೊಗಳಿ ಎರಡನೆಯದಕ್ಕೆ ನಾಚಿಕೆಪಡಿಸುವುದರಿಂದ, ಇವೆರಡೂ ಒಂದೇ ರೋಗದ ಎರಡು ಪಾಳಿಗಳು ಎಂಬುದು ಹೊಳೆಯಲೇ ಇಲ್ಲ. ರಾತ್ರಿ ಹೆಚ್ಚು ತಿಂದಷ್ಟೂ ಹಗಲಿನ ಶಿಕ್ಷೆ ಬಿಗಿಯಾಯಿತು, ಶಿಕ್ಷೆ ಬಿಗಿಯಾದಷ್ಟೂ ರಾತ್ರಿ ಹತೋಟಿ ತಪ್ಪಿತು. ಇಳಿಸಿದ್ದ ತೂಕ ಮರಳಿ ಬಂದು, ಅದರ ಮೇಲೆ ಇನ್ನಷ್ಟು ಸೇರಿತು. ಎದೆಯುರಿ ಅಂಟಿಕೊಂಡಿತು. ಅತಿಥಿಗಳಿಗೆಂದು ಅಮೀನಗಡದಿಂದ ತರಿಸಿದ ಕರದಂಟಿನ ಪೆಟ್ಟಿಗೆ ಖಾಲಿಯಾದಾಗ ಬೈಗುಳ ಮಕ್ಕಳಿಗೆ ಬಿತ್ತು. ನಾನು ಬಾಯಿ ಬಿಡಲಿಲ್ಲ.

ಎದೆಯುರಿಗೆ ಮಾತ್ರೆ ನುಂಗುತ್ತಿದ್ದವಳು ಒಮ್ಮೆ ಧಾರವಾಡದಲ್ಲಿ ಬೇರೊಬ್ಬ ವೈದ್ಯೆಯ ಬಳಿ ಹೋದೆ. ಅವರು ಹೊಟ್ಟೆ ಒತ್ತಿ ನೋಡಿದ ಮೇಲೆ, "ರಾತ್ರಿ ಊಟ ಆದ ಮ್ಯಾಲೂ ಏನರ ತಿಂತೀರೇನು? ಯಾರೂ ನೋಡದಂಗ?" ಎಂದು ಸಹಜವಾಗಿ ಕೇಳಿದರು. ನನಗೆ ಅಳು ಬಂತು. ಅವರು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು.

ಇದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ ಎಂದು ಅಲ್ಲಿ ತಿಳಿಯಿತು. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲಿಯೇ ಇಂಥ ತಿನ್ನುವಿಕೆಯನ್ನು ಬರೆದಿಟ್ಟಿದ್ದರೂ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ಹಬ್ಬದಲ್ಲಿ ನಾಲ್ಕು ಹೋಳಿಗೆ ಹೆಚ್ಚು ತಿಂದರೆ ಅದು ಕಾಯಿಲೆಯಲ್ಲ. ಸುಮಾರು ಎರಡು ಗಂಟೆಯೊಳಗೆ, ಬೇರೆಯವರು ಅಷ್ಟು ಹೊತ್ತಿನಲ್ಲಿ ತಿನ್ನುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ತಿನ್ನುವುದು, ಆಗ ನಿಲ್ಲಿಸಲಾಗದೆ ಹತೋಟಿ ತಪ್ಪಿದಂತೆ ಅನಿಸುವುದು, ಇದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆಯುವುದು ಅದರ ಗುರುತು. ಜೊತೆಗೆ ಗಬಗಬನೆ ತಿನ್ನುವುದು, ಸಂಕಟವಾಗುವವರೆಗೆ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೆಯೇ ಹೇಸಿಕೆಪಡುವುದು, ಈ ಐದರಲ್ಲಿ ಕನಿಷ್ಠ ಮೂರು ಇರಬೇಕು. ನನಗೆ ಐದೂ ಇದ್ದವು. ತಿಂದ ಮೇಲೆ ಬೆರಳು ಹಾಕಿ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ದಿನಗಟ್ಟಲೆ ಉಪವಾಸ ಮಾಡುವುದು ಪದೇ ಪದೇ ನಡೆದರೆ ಅದನ್ನು ಬುಲಿಮಿಯಾ ಎಂಬ ಇನ್ನೊಂದು ಕಾಯಿಲೆಯಾಗಿ ನೋಡುತ್ತಾರೆ. ನಿಮ್ಮದು ಯಾವುದೆಂದು ನಾನೂ ನೀವೂ ಕುಳಿತು ತೀರ್ಮಾನಿಸುವಂತಿಲ್ಲ. ಆದರೆ ನೀವು ವಾಂತಿ ಮಾಡುತ್ತಿದ್ದರೆ ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು.

ಹಸಿವು ಮನಸ್ಸನ್ನು ಏನು ಮಾಡುತ್ತದೆ ಎಂಬುದಕ್ಕೆ ಆ ಮನೋವೈದ್ಯರು ಹೇಳಿದ ಒಂದು ಪ್ರಯೋಗ ನನ್ನ ಕಣ್ಣು ತೆರೆಸಿತು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1570 ಕ್ಯಾಲರಿ. ಆ ಜನ ಹಗಲಿರುಳು ಊಟದ ಬಗ್ಗೆಯೇ ಮಾತನಾಡತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ಖಿನ್ನರಾದರು, ಸಿಡುಕಿದರು. ಪ್ರಯೋಗ ಮುಗಿದ ಮೇಲೆ ಎಷ್ಟೋ ಜನ ಹೊಟ್ಟೆ ತುಂಬಿದರೂ ತೃಪ್ತಿಯಿಲ್ಲದೆ ತಿನ್ನುತ್ತಲೇ ಹೋದರು. ಅವರು ಎತ್ತರದ, ದುಡಿಯುವ ಗಂಡಸರು, ನನ್ನ ಜೊತೆ ನೇರ ಹೋಲಿಕೆ ಸಲ್ಲದು. ಆದರೂ ಲೋಕದಲ್ಲಿ ಹಸಿವಿನ ಪ್ರಯೋಗವೆಂದು ಹೆಸರಾದ ಊಟಕ್ಕಿಂತ ನನ್ನ ಚಾರ್ಟಿನ ಊಟ ಕಡಿಮೆಯಿತ್ತು ಎಂದು ತಿಳಿದಾಗ ನಗು ಬಂತು. ತೂಕ ಇಳಿದಾಗ ದೇಹದಲ್ಲಿ ಹೊಟ್ಟೆ ತುಂಬಿತೆನ್ನುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಇದರ ಎದುರು ನಿಮ್ಮ ಸಂಕಲ್ಪ ಎಷ್ಟು ದಿನ ನಿಲ್ಲಬೇಕು? ಎಲ್ಲರಿಗೂ ಪಥ್ಯದಿಂದಲೇ ಇದು ಶುರುವಾಗುತ್ತದೆ ಎಂದು ಹೇಳುತ್ತಿಲ್ಲ. ಕೆಲವರಲ್ಲಿ ತಿನ್ನಾಟವೇ ಮೊದಲು ಬರುತ್ತದೆ, ಖಿನ್ನತೆ, ಆತಂಕ, ಚಿಕ್ಕಂದಿನ ಅವಮಾನಗಳೂ ಹಿಂದೆ ಇರುತ್ತವೆ. ಆದರೆ ಶುರುವಾದದ್ದು ಹೇಗೇ ಇರಲಿ, ಉಪವಾಸ ಅದನ್ನು ಸಾಕುತ್ತದೆ.

ಚಿಕಿತ್ಸೆ ಎಂದರೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ. ಅದರ ಮೊದಲ ಮೆಟ್ಟಿಲೇ ನನಗೆ ಅತ್ಯಂತ ಕಠಿಣವಾಗಿತ್ತು: ರಾತ್ರಿ ಏನೇ ಆಗಿರಲಿ, ಬೆಳಿಗ್ಗೆ ನಾಷ್ಟಾ ಮಾಡಲೇಬೇಕು. ಮೂರು ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಕೂಡದು. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಹನ್ನೊಂದಕ್ಕೆ ಕೌಂಟರಿನ ಡ್ರಾಯರಿನಲ್ಲಿಟ್ಟ ಹುರಿದ ಶೇಂಗಾ ಮತ್ತು ಬೆಲ್ಲ, ಮಧ್ಯಾಹ್ನ ರೊಟ್ಟಿ, ಕಾಳುಪಲ್ಯ, ಮೊಸರು, ಸಂಜೆ ಚುರಮುರಿ, ರಾತ್ರಿ ಮತ್ತೆ ಹೊಟ್ಟೆ ತುಂಬ ಊಟ. ಹಿಂದಿನ ರಾತ್ರಿ ಡಬ್ಬಿ ಬರಿದು ಮಾಡಿ ಬೆಳಿಗ್ಗೆ ಅವಲಕ್ಕಿಯ ಮುಂದೆ ಕೂರುವಾಗ ಪಾಪ ಮಾಡುತ್ತಿದ್ದೇನೆ ಎನಿಸುತ್ತಿತ್ತು. ಅತ್ತೆಯವರು "ಯಾಕವಾ, ಇವತ್ತ ಸ್ವಾಮಾರ ಅಲ್ಲೇನು?" ಎಂದು ಕೇಳಿದ ದಿನ ತಟ್ಟೆ ಬಿಟ್ಟು ಏಳುವಂತಾಯಿತು. "ಡಾಕ್ಟರು ಬ್ಯಾಡ ಅಂದಾರ್ರಿ ಅತ್ತಿ" ಎಂದೆ. ನಮ್ಮ ಮನೆಗಳಲ್ಲಿ ಈ ಮಾತಿನ ಮುಂದೆ ಯಾವ ದೇವರೂ ಹಟ ಹಿಡಿಯುವುದಿಲ್ಲ.

ತಿನ್ನಾಟ ಒಮ್ಮೆಲೇ ನಿಲ್ಲಲಿಲ್ಲ. ಮೊದಲು ವಿರಳವಾಯಿತು, ಆಮೇಲೆ ಚಿಕ್ಕದಾಯಿತು. ತೂಕ ತೀರಾ ಇಳಿದಿಲ್ಲ, ಏರುವುದು ನಿಂತಿದೆ. ಆ ಹಿಂದಿನ ಸಂಬಂಧಿ ಈಗಲೂ ಮದುವೆಗಳಲ್ಲಿ ಸಿಗುತ್ತಾರೆ, ಅವರ ಪಕ್ಕದಲ್ಲಿಯೇ ಕುಳಿತು ಎರಡು ಶೇಂಗಾ ಹೋಳಿಗೆ ತುಪ್ಪ ಹಾಕಿಸಿಕೊಂಡು ಉಣ್ಣುತ್ತೇನೆ.

ಈಗ ನಿಮ್ಮ ವಿಷಯ. ದುಡ್ಡು ಮತ್ತು ಸಮಯ ಉಳಿಯಲೆಂದು ಖಾನಾವಳಿಯಲ್ಲಿ ಒಂದೇ ಹೊತ್ತಿನ ಊಟ ಹಚ್ಚಿಕೊಂಡಿದ್ದೀರಿ ಎಂದು ಬರೆದಿದ್ದೀರಿ. ಅದನ್ನು ನಾಳೆಯೇ ಎರಡು ಹೊತ್ತು ಮಾಡಿಕೊಳ್ಳಿ. ರಾತ್ರಿ ಬೇಕರಿಯಲ್ಲಿ ಖರ್ಚಾಗುವ ದುಡ್ಡಿನಲ್ಲಿಯೇ ಅದು ಮುಗಿಯುತ್ತದೆ. ರೂಮಿನಲ್ಲಿ ತಿನ್ನುವ ಯಾವ ಪದಾರ್ಥವನ್ನೂ ಇಡುವುದಿಲ್ಲ ಎಂಬ ನಿಮ್ಮ ನಿಯಮವನ್ನು ನಾನು ಒಪ್ಪುವುದಿಲ್ಲ. ಶೇಂಗಾ, ಪುಠಾಣಿ, ಬಾಳೆಹಣ್ಣು ಇರಲಿ, ಓದಿನ ನಡುವೆ ಹೊತ್ತಿಗೆ ಸರಿಯಾಗಿ ತಿನ್ನಿ. ಸಿಹಿಯನ್ನು ಜನ್ಮಕ್ಕೆಲ್ಲ ಬಿಡುತ್ತೇನೆಂದು ಆಣೆ ಮಾಡಬೇಡಿ. ಸ್ನೇಹಿತರ ಜೊತೆ ಕುಳಿತು, ಬೆಳಕಿನಲ್ಲಿ, ಒಂದು ಪ್ಲೇಟ್ ತಿನ್ನಿ. ತೂಕದ ಯಂತ್ರವನ್ನು ದಿನವೂ ಹತ್ತಬೇಡಿ. ಅವರಿವರು ಹೇಳುವ ಹದಿನಾರು ತಾಸಿನ ಉಪವಾಸದ ವಿಡಿಯೋಗಳು ಬೇರೆ ಯಾರಿಗೆ ಒಗ್ಗಿದರೂ ನಿಮಗಲ್ಲ, ನೋಡುವುದನ್ನೇ ಬಿಡಿ.

ಒಂದು ನೋಟ್‌ಬುಕ್ ಇಟ್ಟುಕೊಂಡು ತಿಂದ ಹೊತ್ತು, ತಿಂದದ್ದು, ಎಲ್ಲಿ, ಆಗ ಮನಸ್ಸು ಹೇಗಿತ್ತು ಎಂದು ಆಗಿಂದಾಗಲೇ ಬರೆಯಿರಿ, ಕ್ಯಾಲರಿ ಬರೆಯಬೇಡಿ. ಟೆಸ್ಟ್‌ನಲ್ಲಿ ಅಂಕ ಕಡಿಮೆಯಾದ ದಿನವೋ, ಊರಿನಿಂದ ಫೋನು ಬಂದ ದಿನವೋ, ಬರೀ ಹಸಿದಿದ್ದ ದಿನವೋ ಎಂಬುದು ಕೆಲವೇ ವಾರಗಳಲ್ಲಿ ಕಾಣತೊಡಗುತ್ತದೆ. ನನ್ನಲ್ಲಿ ಹೆಚ್ಚಿನವು ಬರೀ ಹಸಿದಿದ್ದ ದಿನಗಳೇ ಆಗಿದ್ದವು.

ಇದನ್ನೆಲ್ಲ ಒಬ್ಬರೇ ಮಾಡಬೇಕೆಂದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತವಾಗಿದೆ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಅಲ್ಲಿ ಪರಿಚಯದವರು ನೋಡಿಯಾರು ಎಂಬ ಅಂಜಿಕೆ ಇದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ನಾನು ವರ್ಷಗಟ್ಟಲೆ ಮಾಡಿದಂತೆ ವೈದ್ಯರ ಮುಂದೆ ಕುಳಿತು ಗ್ಯಾಸ್ಟ್ರಿಕ್ ಆಗಿದೆ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಬಾಯಿ ಬಿಡಲು ಆಗದಿದ್ದರೆ ನೋಟ್‌ಬುಕ್ ತೆರೆದು ಅವರ ಮೇಜಿನ ಮೇಲಿಡಿ, ಮುಂದಿನದನ್ನು ಅವರೇ ಕೇಳುತ್ತಾರೆ.