ಮಾರಿಹೋದ ಹೊಲಿಗೆ ಪೆಟ್ಟಿಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿ ಇಬ್ಬರ ಒಪ್ಪಿಗೆಯೂ ಇದೆ.)

ದಾಂಪತ್ಯದ ವಿಷಯದಲ್ಲಿ ಸಲಹೆ ಕೇಳಿ ನನ್ನ ಬಳಿಗೆ ಮೊದಲು ಬಂದವರು ಪತಿ, ಒಬ್ಬರೇ. ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಜಗಳವೇನೂ ಇಲ್ಲ ಎಂದೇ ಮಾತು ಶುರು ಮಾಡಿದರು. ಹಾಗಾದರೆ ತೊಂದರೆ ಏನು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಳು ಭಾನುವಾರಗಳಿಂದ ಅವಳಿಗೆ ತಲೆನೋವು" ಎಂದರು. ಸೋಮವಾರ ಇರುವುದಿಲ್ಲ, ಶನಿವಾರ ಇರುವುದಿಲ್ಲ. ಭಾನುವಾರ ಬೆಳಿಗ್ಗೆ, ಇವರು ಕೈಚೀಲ ಹಿಡಿದು ಹೊರಟು ನಿಂತಾಗ ಮಾತ್ರ ಬರುತ್ತದೆ.

ಹನ್ನೊಂದು ವರ್ಷಗಳಿಂದ ಇಬ್ಬರೂ ಭಾನುವಾರ ತಪ್ಪದೆ ಹಳೆಯ ಸಾಮಾನಿನ ಸಂತೆಗೆ ಹೋಗುತ್ತಿದ್ದರು. ಅದಕ್ಕೆ ಅವರದೇ ಆದ ನಿಯಮಗಳಿದ್ದವು. ಒಟ್ಟಿಗೆ ಒಳಗೆ ಹೋಗುವುದು, ಅಲ್ಲಿಂದ ಬೇರೆ ಬೇರೆ ದಾರಿ ಹಿಡಿಯುವುದು, ಅರ್ಧ ಗಂಟೆಯ ನಂತರ ಒಂದು ಕಡೆ ಸೇರಿ, ತಾನು ಕಂಡದ್ದರಲ್ಲಿ ಅತ್ಯಂತ ಚೆನ್ನಾಗಿರುವುದನ್ನು ಮತ್ತೊಬ್ಬರಿಗೆ ಕರೆದೊಯ್ದು ತೋರಿಸುವುದು. ಕೊಳ್ಳಲೇಬೇಕೆಂದಿಲ್ಲ. ಆ ದಿನದ ಹಣವೆಲ್ಲ ಒಂದೇ ಪುಟ್ಟ ಚೀಲದಲ್ಲಿ. ಅದು ಖಾಲಿಯಾದರೆ ಮನೆಗೆ. ಇದನ್ನು ಹೇಳುವಾಗ ಅವರ ಮುಖ ಬೆಳಗಿತು. ಹಾಗಾಗಿ ಪ್ರೀತಿ ಹೋಗಿಲ್ಲ, ದಾರಿಯಲ್ಲಿ ಏನೋ ಅಡ್ಡ ಬಂದಿದೆ ಎಂದು ನನಗೆ ಅನ್ನಿಸಿತು. ಮುಂದಿನ ವಾರ ಪತ್ನಿಯನ್ನೂ ಕರೆತರಲು ಹೇಳಿದೆ.

ಆಕೆ ಬಂದರು. ನೇರವಾಗಿ ಮಾತಾಡುವ ಹೆಂಗಸು. ತಲೆನೋವು ನಿಜವಾದದ್ದೇ ಎಂದು ಮೊದಲೇ ಹೇಳಿದರು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಆಮೇಲೆ ಹೇಳಿದ್ದು ಇದು: "ಸಂತೆಯಲ್ಲಿ ನನಗೆ ಪರೀಕ್ಷೆಗೆ ಕುಳಿತಂತೆ ಆಗುತ್ತದೆ. ನಾನು ಏನನ್ನೋ ಎತ್ತಿ 'ಇಲ್ಲಿ ನೋಡಿ' ಎನ್ನುತ್ತೇನೆ. ಇವರು ಮೊಬೈಲ್ ತೆಗೆಯುತ್ತಾರೆ. ಫೋಟೋ ಹೊಡೆದು, ಅಂಥದ್ದು ಎಷ್ಟಕ್ಕೆ ಹೋಗುತ್ತಿದೆ ಎಂದು ಹುಡುಕುತ್ತಾರೆ. 'ಇದಕ್ಕೆ ಏನೂ ಬರುವುದಿಲ್ಲ' ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಆ ವಸ್ತುವನ್ನು ಕೆಳಗಿಡುತ್ತೇನೆ."

ಪತಿ ಕಳೆದ ಒಂದು ವರ್ಷದಿಂದ ತಂದ ವಸ್ತುಗಳನ್ನು ತಿಕ್ಕಿ ತೊಳೆದು, ರಿಪೇರಿ ಮಾಡಿ, ಆನ್‌ಲೈನ್‌ನಲ್ಲಿ ಮಾರುತ್ತಿದ್ದರು. ಅದರಲ್ಲಿ ಅವರಿಗೆ ಕೈ ಚೆನ್ನಾಗಿ ಕುದುರಿತ್ತು. ಮರದ ಸೆಳೆಖಾನೆಯ ಮೂಲೆಯಲ್ಲಿ ಎರಡು ಹಲಗೆಗಳು ಹಲ್ಲಿಗೆ ಹಲ್ಲು ಕೂಡಿರುವ ಜಾಗವನ್ನು ನೋಡಿ, ಹಲ್ಲುಗಳ ಅಳತೆ ಒಂದಿಷ್ಟು ಹೆಚ್ಚುಕಮ್ಮಿ ಇದ್ದರೆ ಕೈಯಿಂದ ಕೊಯ್ದದ್ದು, ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ ಯಂತ್ರದ್ದು ಎಂದು ಹೇಳಬಲ್ಲವರು. ಆ ಜ್ಞಾನವೆಲ್ಲ ಸಂತೆಯಲ್ಲಿ ಹೆಂಡತಿಯ ಜೊತೆ ತಿರುಗುತ್ತಲೇ ಬಂದದ್ದು.

ಎರಡು ತಿಂಗಳ ಹಿಂದೆ ಅವರು ಒಂದು ಹೊಲಿಗೆ ಪೆಟ್ಟಿಗೆಯನ್ನು ಮಾರಿದರು. ಹನ್ನೊಂದು ವರ್ಷದ ಹಿಂದೆ, ಮೊದಲ ಭಾನುವಾರ, ಪತ್ನಿ ಕಂಡುಹಿಡಿದದ್ದು ಅದು. ಅದರೊಳಗೆ ಯಾರೋ ಬಿಟ್ಟುಹೋಗಿದ್ದ ಗುಂಡಿಗಳಿದ್ದವು. ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಇಬ್ಬರೂ ಸೇರಿ ಆ ಗುಂಡಿಗಳ ಒಡತಿಯನ್ನು ಕಲ್ಪಿಸಿಕೊಂಡಿದ್ದರು. ಅವಳಿಗೆ ಗುಂಡಿ ಅಜ್ಜಿ ಎಂದು ಹೆಸರಿಟ್ಟರು. ಆಮೇಲೆ ಸಂತೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಅವಳೇ ವಾರಸುದಾರಳು. ಹಿಡಿಯಿಲ್ಲದ ಕೊಡೆ? ಗುಂಡಿ ಅಜ್ಜಿ ಸಿಟ್ಟಿನಲ್ಲಿ ಮುರಿದದ್ದು. ಒಂದೇ ಕಿವಿಯೋಲೆ? ಇನ್ನೊಂದನ್ನು ಅಜ್ಜಿ ಯಾರಿಗೋ ನೆನಪಿಗೆಂದು ಕೊಟ್ಟಿದ್ದಾಳೆ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ಆ ಮನೆಯಲ್ಲಿ ನಗು ಬರುತ್ತಿದ್ದದ್ದು ಬಹುಮಟ್ಟಿಗೆ ಈ ಅಜ್ಜಿಯಿಂದಲೇ.

"ಒಳ್ಳೆಯ ಬೆಲೆ ಬಂತು, ಅದಕ್ಕೇ ಕೊಟ್ಟೆ" ಎಂದರು ಪತಿ. ಪತ್ನಿ ಕಿಟಕಿಯ ಕಡೆ ತಿರುಗಿದರು.

ಇಂಥ ಪ್ರಕರಣ ಬಂದಾಗ ನಾನು ಮೊದಲು ಬೇರೊಂದು ಸಾಧ್ಯತೆಯನ್ನು ಪರೀಕ್ಷಿಸುತ್ತೇನೆ. ಹಳೆಯ ವಸ್ತುಗಳನ್ನು ಕೂಡಿಡುವುದು ಕೆಲವರಲ್ಲಿ ಕಾಯಿಲೆಯ ಮಟ್ಟಕ್ಕೆ ಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಪಟ್ಟಿಯ ಐದನೇ ಆವೃತ್ತಿಯಲ್ಲಿ ಇದನ್ನು ಒಂದು ಪ್ರತ್ಯೇಕ ಸಮಸ್ಯೆಯಾಗಿ ಸೇರಿಸಿತು. ಅದರ ಗುರುತು ವಸ್ತುಗಳ ಸಂಖ್ಯೆಯಲ್ಲಿಲ್ಲ. ಬೆಲೆ ಇರಲಿ ಬಿಡಲಿ, ಏನನ್ನೂ ಬಿಟ್ಟುಕೊಡಲಾಗದ ಸಂಕಟ ಇದೆಯೇ, ಮಲಗುವ ಕೋಣೆಯಲ್ಲಿ ಮಲಗಲಾಗದಷ್ಟು, ಅಡುಗೆಮನೆಯಲ್ಲಿ ಅಡುಗೆ ಮಾಡಲಾಗದಷ್ಟು ಸಾಮಾನು ತುಂಬಿದೆಯೇ ಎಂಬುದರಲ್ಲಿದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮನೆ ಚೊಕ್ಕಟವಾಗಿಯೇ ಇತ್ತು. ಪತ್ನಿ ವರ್ಷಕ್ಕೊಮ್ಮೆ ತಾವೇ ಅರ್ಧದಷ್ಟನ್ನು ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ಹೊಲಿಗೆ ಪೆಟ್ಟಿಗೆಗಾಗಿ ಆಕೆ ಅತ್ತದ್ದನ್ನು "ಸಾಮಾನಿನ ಮೋಹ" ಎಂದು ಮನೆಯ ಹಿರಿಯರೊಬ್ಬರು ಕರೆದಿದ್ದರಂತೆ. ಆ ಮಾತು ಆಕೆಯನ್ನು ಬಹಳ ನೋಯಿಸಿತ್ತು. ಅದು ತಪ್ಪು ಮಾತು ಎಂದು ಸ್ಪಷ್ಟವಾಗಿ ಹೇಳಿದೆ.

ಮುರಿದದ್ದು "ಇಲ್ಲಿ ನೋಡಿ" ಎಂಬ ಎರಡು ಪದಗಳ ಬಳಿಯಲ್ಲಿ. ದಾಂಪತ್ಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥ ಚಿಕ್ಕ ಚಿಕ್ಕ ಕರೆಗಳನ್ನೇ ಎಣಿಸಿದ್ದಾರೆ. ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿ, ಆರು ವರ್ಷಗಳ ನಂತರ ಅವರು ಏನಾದರು ಎಂದು ನೋಡಿದಾಗ, ಜೊತೆಯಲ್ಲೇ ಉಳಿದವರು ಸಂಗಾತಿಯ ಇಂಥ ಕರೆಗಳಿಗೆ 100ಕ್ಕೆ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ. ನಾನು ಈ ಅಂಕಿಗಳನ್ನು ಜೋಡಿಗಳ ಮೇಲೆ ಪ್ರಯೋಗಿಸಿ ಭವಿಷ್ಯ ಹೇಳುವುದಿಲ್ಲ. ಆದರೆ ಈ ಪತಿಗೆ ಅದನ್ನು ಹೇಳಲೇಬೇಕಾಗಿತ್ತು. ಪತ್ನಿ ಎತ್ತಿ ತೋರಿಸಿದ್ದು ವಸ್ತುವಿನ ಬೆಲೆ ಕೇಳಲು ಅಲ್ಲ, ತನ್ನ ಪಕ್ಕಕ್ಕೆ ಬನ್ನಿ ಎಂದು ಕರೆಯಲು. ಅವರು ಪ್ರತಿ ಸಲ ಬೆಲೆ ಹೇಳಿದರು.

ಮಾರುವುದರಿಂದ ಸಂತೋಷ ಏಕೆ ಹೋಗಬೇಕು, ಹಣ ಬಂದರೆ ಇನ್ನೂ ಖುಷಿಯಲ್ಲವೇ ಎಂದು ಅವರು ಕೇಳಿದರು. ಪ್ರಾಮಾಣಿಕ ಪ್ರಶ್ನೆ. ಅದಕ್ಕೆ ನಾನು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ವಿವರಿಸಿದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು, ಕೆಲವರಿಗೆ ಬರೆದ ಮೇಲೆ ಅನಿರೀಕ್ಷಿತವಾಗಿ ಕೊಟ್ಟರು, ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ಬಣ್ಣದ ಪೆನ್ನುಗಳನ್ನು ಮತ್ತೆ ಮುಂದಿಟ್ಟರೆ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಜೊತೆ ಕಳೆದರು. ಆಟವಾಗಿದ್ದದ್ದು ಕೆಲಸವಾಗಿತ್ತು. ಪತಿ ಇದನ್ನು ಕೇಳಿ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ, "ನನಗೂ ಈಗ ಸಂತೆ ಎಂದರೆ ಆಯಾಸ. ಅವಳು ಬರದೆ ಹೀಗಾಗಿದೆ ಎಂದುಕೊಂಡಿದ್ದೆ" ಎಂದರು.

ಅದೇ ದಿನ ನಿಜವಾದ ಕಾರಣ ಹೊರಬಂತು. ಒಂದು ವರ್ಷದ ಹಿಂದೆ ಅವರ ಕೆಲಸದ ಅವಧಿಯನ್ನು ಕಡಿತ ಮಾಡಿದ್ದರು. ಸಂಬಳ ಇಳಿದಿತ್ತು. ಹೆಂಡತಿಗೆ ಹೇಳಿರಲಿಲ್ಲ. ಸಂತೆಯ ಸಾಮಾನು ಮಾರಿ ತಿಂಗಳ ಕೊನೆಯ ಕೊರತೆಯನ್ನು ತುಂಬುತ್ತಿದ್ದರು. ಹೊಲಿಗೆ ಪೆಟ್ಟಿಗೆ ಹೋದದ್ದು ಅಂಥದೊಂದು ತಿಂಗಳಲ್ಲಿ.

ಪತ್ನಿಯ ಮುಖದಲ್ಲಿ ಆಗ ಕಂಡದ್ದನ್ನು ಕೋಪ ಎನ್ನಲಾರೆ. "ಒಂದು ವರ್ಷ ಒಬ್ಬರೇ ಲೆಕ್ಕ ಹಾಕುತ್ತಾ ಕುಳಿತಿದ್ದಿರಾ?" ಎಂದು ಕೇಳಿದರು, ಅಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೊಂಡವರನ್ನು ಹುಡುಕಿ ಪೆಟ್ಟಿಗೆಯನ್ನು ಮರಳಿ ಕೊಳ್ಳಬಹುದೇ ಎಂದು ನಾನು ಸೂಚಿಸಿದೆ. ಬೇಗ ಸಮಾಧಾನ ತರುವ ಆತುರ ಅದು. ಪತ್ನಿ ಬೇಡವೆಂದರು. ಈಗ ತಂದರೆ ಅದನ್ನು ನೋಡಿದಾಗಲೆಲ್ಲ ಅದರ ಬೆಲೆಯೇ ನೆನಪಾಗುತ್ತದೆ ಎಂದರು. ಅವರು ಸರಿ, ನಾನು ತಪ್ಪು. ಕಳೆದುಹೋದದ್ದನ್ನು ಕಳೆದುಹೋಯಿತು ಎಂದು ಇಬ್ಬರೂ ಒಟ್ಟಿಗೆ ಒಪ್ಪಿಕೊಳ್ಳುವ ಮೊದಲೇ ಅದನ್ನು ತುಂಬಿಕೊಡಲು ಹೋದರೆ ನೋವಿಗೆ ಜಾಗವೇ ಇರುವುದಿಲ್ಲ.

ಮೂರನೆಯ ಭೇಟಿಗೆ ಪತಿ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. ಗುಂಡಿಗಳು. ಕೊಂಡವರಿಗೆ ಪೆಟ್ಟಿಗೆ ಮಾತ್ರ ಬೇಕಿತ್ತಂತೆ, ಬೇಡವೆಂದದ್ದನ್ನು ಇವರು ಚೀಲಕ್ಕೆ ಸುರಿದು ಕಪಾಟಿನ ಹಿಂದೆ ಇಟ್ಟು, ಹೇಳಲು ಧೈರ್ಯ ಸಾಲದೆ ಸುಮ್ಮನಿದ್ದರು. ನನ್ನ ಮೇಜಿನ ಮೇಲೆ ಅವನ್ನು ಹರಡಿದರು. ಪತ್ನಿ ಮಾತಾಡದೆ ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿಕೊಂಡು ನೋಡತೊಡಗಿದರು. ಏಕೆಂದು ಕೇಳಿದೆ. ಚಿಪ್ಪಿನ ಗುಂಡಿ ಕೆನ್ನೆಗೆ ತಣ್ಣಗೆ ತಗಲುತ್ತದೆ, ಪ್ಲಾಸ್ಟಿಕ್ಕಿನದು ಹಾಗಲ್ಲ, ಹೀಗೆ ಗುರುತಿಸುವುದನ್ನು ಕಲಿಸಿದ್ದು ಇವರೇ ಎಂದು ಪತಿಯ ಕಡೆ ಕೈ ತೋರಿಸಿದರು. ಒಂದು ಗುಂಡಿಯನ್ನು ಅವರ ಕೆನ್ನೆಗೂ ಒತ್ತಿದರು. ನಾನು ಆ ಹೊತ್ತಿನಲ್ಲಿ ಏನೂ ಹೇಳಲಿಲ್ಲ.

ಆ ದಿನವೇ ಪತಿ ಕ್ಷಮೆ ಕೇಳಿದರು. ಮೊದಲು "ನಿನಗೆ ಬೇಸರವಾಗಿದ್ದರೆ ಕ್ಷಮಿಸು" ಎಂದರು. ಅದನ್ನು ನಾನು ಅಲ್ಲಿಯೇ ತಡೆದೆ. ಬೇಸರವಾಗಿದೆಯೋ ಇಲ್ಲವೋ ಎಂಬ ಅನುಮಾನ ಇರುವ ಕ್ಷಮೆ ಕ್ಷಮೆಯಲ್ಲ. ಎರಡನೆಯ ಸಲ ಹೇಳಿದರು: "ನಿನ್ನದನ್ನು ನಿನ್ನನ್ನು ಕೇಳದೆ ಮಾರಿದೆ. ಸಂಬಳದ ವಿಷಯ ಮುಚ್ಚಿಟ್ಟೆ. ಎರಡೂ ತಪ್ಪು." ಉದ್ದೇಶ ಒಳ್ಳೆಯದಿತ್ತು ಎಂಬ ಮಾತನ್ನು ಸೇರಿಸಲಿಲ್ಲ. ಸೇರಿಸಬೇಡಿ ಎಂದು ನಾನು ಹೇಳಿರಲಿಲ್ಲ, ಅವರಿಗೇ ತಿಳಿದಿತ್ತು.

ಇನ್ನು ನಾನು ಕೊಟ್ಟ ಸಲಹೆಗಳು. ಸಂಬಳ ಇಳಿದಿರುವ ಮನೆಯಲ್ಲಿ ಮಾರುವುದನ್ನು ನಿಲ್ಲಿಸಿ ಎಂದು ಹೇಳುವುದು ಸುಲಭದ, ಆದರೆ ಬೇಜವಾಬ್ದಾರಿಯ ಮಾತು. ಅದಕ್ಕಾಗಿ ಮಾರಾಟವನ್ನು ಸಂತೆಯಿಂದ ಬೇರ್ಪಡಿಸಲು ಹೇಳಿದೆ. ಮಾರುವ ಸಲುವಾಗಿ ಕೊಳ್ಳಬೇಕಿದ್ದರೆ ಪತಿ ವಾರದ ಬೇರೊಂದು ದಿನ ಒಬ್ಬರೇ ಹೋಗಲಿ, ಅದು ಕೆಲಸ. ಅದರ ಬಂಡವಾಳ, ಲಾಭ, ನಷ್ಟ ಎಲ್ಲವೂ ಒಂದು ಪುಸ್ತಕದಲ್ಲಿ ಇರಲಿ, ಆ ಪುಸ್ತಕ ಇಬ್ಬರ ಕೈಗೂ ಸಿಗುವ ಜಾಗದಲ್ಲಿ ಇರಲಿ. ಭಾನುವಾರದ ಪುಟ್ಟ ಚೀಲದ ಹಣ ಬೇರೆ. ಮೊತ್ತ ಇಳಿಸಬೇಕಾದರೆ ಇಳಿಸಲಿ, ಆದರೆ ಅದರಲ್ಲಿ ಕೊಂಡದ್ದು ಮಾರಾಟಕ್ಕಿಲ್ಲ. ಭಾನುವಾರ ಮೊಬೈಲ್ ಪತ್ನಿಯ ಕೈಚೀಲದ ತಳದಲ್ಲಿರಬೇಕು. ಒಬ್ಬರು "ಇಲ್ಲಿ ನೋಡಿ" ಎಂದಾಗ ಮತ್ತೊಬ್ಬರು ವಸ್ತುವನ್ನು ಕೈಗೆ ತೆಗೆದುಕೊಳ್ಳಬೇಕು, ತಿರುಗಿಸಿ ನೋಡಬೇಕು, ಅದರ ಬಗ್ಗೆ ಒಂದಾದರೂ ಪ್ರಶ್ನೆ ಕೇಳಬೇಕು. ಬೆಲೆಯ ಮಾತು ಆಮೇಲೆ.

ಮನೆಯಲ್ಲಿರುವ ಹಳೆಯ ವಸ್ತುಗಳ ಮುಂದೆ ಒಂದು ಸಂಜೆ ಇಬ್ಬರೂ ಕುಳಿತುಕೊಳ್ಳಿ ಎಂದೂ ಹೇಳಿದೆ. ಪ್ರತಿಯೊಬ್ಬರೂ ತಮಗೆ ಬೇಕಾದಷ್ಟಕ್ಕೆ ದಾರ ಕಟ್ಟಬಹುದು. ದಾರ ಕಟ್ಟಿದ್ದನ್ನು ಮತ್ತೊಬ್ಬರು ಮುಟ್ಟುವಂತಿಲ್ಲ, ಕಾರಣ ಕೇಳುವಂತಿಲ್ಲ. ಕಾರಣ ಕೇಳಬಾರದು ಎಂಬುದರ ಮೇಲೆ ನಾನು ಬಹಳ ಒತ್ತು ಕೊಟ್ಟೆ. ಒಂದು ವಸ್ತು ತನಗೆ ಏಕೆ ಬೇಕು ಎಂದು ವಾದಿಸಿ ಗೆಲ್ಲಬೇಕಾದ ಸ್ಥಿತಿ ಮನೆಯೊಳಗೆ ಇರಬಾರದು. ಪತ್ನಿ ಹದಿನಾಲ್ಕಕ್ಕೆ ಕಟ್ಟಿದರು, ಪತಿ ಎರಡಕ್ಕೆ. ಆ ಎರಡರಲ್ಲಿ ಒಂದು ಹಿಡಿಯಿಲ್ಲದ ಕೊಡೆ.

ಹಣದ ವಿಷಯಕ್ಕೆ ತಿಂಗಳಿಗೊಮ್ಮೆ ಒಂದು ಗಂಟೆ ನಿಗದಿ ಮಾಡಿಸಿದೆ. ಮೊದಲ ಸಲ ಪತ್ನಿ ತಾವೇ ಪೆನ್ನು ಹಿಡಿದು, ತಾನು ಹೊಲಿದು ಕೊಡಬಹುದಾದ ಕೆಲಸಗಳನ್ನು ಬರೆದರಂತೆ. ವರ್ಷವಿಡೀ ಪತಿ ಹೊತ್ತ ಭಾರಕ್ಕೆ ಹೆಗಲು ಕೊಡಲು ಆಕೆ ಸಿದ್ಧರಿದ್ದರು, ಕೇಳಿದವರಿರಲಿಲ್ಲ.

ಮೊದಲ ಎರಡು ಭಾನುವಾರ ಚೆನ್ನಾಗಿರಲಿಲ್ಲ. ಪತಿಯ ಕೈ ಜೇಬಿಗೆ ಹೋಗುತ್ತಲೇ ಇತ್ತು. ಒಮ್ಮೆ ಪತ್ನಿ ಅರ್ಧಕ್ಕೇ ಮನೆಗೆ ಹೊರಟರು. ಪೆಟ್ಟಿಗೆ ಇದ್ದ ಕಪಾಟಿನ ಜಾಗ ಖಾಲಿಯೇ ಇದೆ, ಆಕೆ ಅಲ್ಲಿ ಏನನ್ನೂ ಇಡಲು ಒಪ್ಪುವುದಿಲ್ಲ. ಗುಂಡಿಗಳನ್ನು ಗಾಜಿನ ಜಾಡಿಗೆ ಹಾಕಿ ಬೇರೆ ಕಡೆ ಇಟ್ಟಿದ್ದಾರೆ. ಆ ಖಾಲಿ ಜಾಗವನ್ನು ಹಾಗೆಯೇ ಬಿಡಲು ಪತಿಗೆ ಹೇಳಿದ್ದೇನೆ.

ಕೊನೆಯ ಭೇಟಿಯಲ್ಲಿ, ಕಳೆದ ಭಾನುವಾರ ಏನು ತಂದಿರಿ ಎಂದು ಕೇಳಿದೆ. ಏನೂ ತರಲಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆಮೇಲೆ ಪತ್ನಿ, ಮುಳ್ಳುಗಳಿಲ್ಲದ ಒಂದು ಗೋಡೆ ಗಡಿಯಾರವನ್ನು ನೋಡಿದ್ದಾಗಿ ಶುರು ಮಾಡಿದರು. ಮುಳ್ಳಿಲ್ಲ, ಆದರೆ ಕೀಲಿ ಕೊಟ್ಟರೆ ಟಿಕ್ ಟಿಕ್ ಎನ್ನುತ್ತದೆ. ಪತಿ ನಡುವೆ ಬಾಯಿ ಹಾಕಿ, ಗುಂಡಿ ಅಜ್ಜಿಗೆ ಹೊತ್ತಿನ ಹಂಗಿರಲಿಲ್ಲ, ಸದ್ದು ಮಾತ್ರ ಬೇಕಿತ್ತು ಎಂದರು. ಇಲ್ಲ, ಮುಳ್ಳುಗಳನ್ನು ಅವಳು ಹೊಲಿಗೆಗೆ ಬಳಸಿಕೊಂಡಳು ಎಂದು ಪತ್ನಿ. ಕೊಳ್ಳದೆ ಬಿಟ್ಟ ಆ ಗಡಿಯಾರದ ಬಗ್ಗೆ ಇಬ್ಬರೂ ಹೇಳುತ್ತಾ ಹೋದರು, ಹೊರಗೆ ಕಾಯುತ್ತಿದ್ದ ಮುಂದಿನವರು ಬಾಗಿಲು ತಟ್ಟುವವರೆಗೆ.